ಎಪ್ಸನ್ ಇಎಚ್-ಟಿಡಬ್ಲ್ಯೂ7100: ಕೊಳ್ಳುವ ಮೊದಲು ಕೋಣೆಗೆ ಟೇಪು ಹಿಡಿಯಿರಿ

ನೂರು ಇಂಚಿನ ಚಿತ್ರ ಮನೆಯಲ್ಲೇ ಬೇಕು, ಅಷ್ಟು ದೊಡ್ಡ ಟಿವಿಗೆ ದುಡ್ಡು ಸುರಿಯುವ ಮನಸ್ಸಿಲ್ಲ, ರಾತ್ರಿ ದೀಪ ಆರಿಸಿ ಸಿನಿಮಾ ನೋಡುವ ಅಭ್ಯಾಸವಿದೆ ಎನ್ನುವವರಿಗೆ ಎಪ್ಸನ್ ಇಎಚ್-ಟಿಡಬ್ಲ್ಯೂ7100 ಈಗಲೂ ಧಾರಾಳವಾಗಿ ಶಿಫಾರಸು ಮಾಡಬಹುದಾದ ಲ್ಯಾಂಪ್ ಪ್ರೊಜೆಕ್ಟರ್. ಡಬ್ಬದ ಮೇಲೆ 4ಕೆ, 3000 ಲ್ಯೂಮೆನ್ (ಬೆಳಕಿನ ಅಳತೆ) ಎಂದು ದಪ್ಪಕ್ಷರದಲ್ಲಿ ಅಚ್ಚಾಗಿದೆ. ಆದರೆ ನಮ್ಮ ಮನೆಗಳಲ್ಲಿ ನಿಜವಾಗಿ ಉಪಕಾರಕ್ಕೆ ಬರುವುದು ಯಂತ್ರದ ಮೇಲ್ಭಾಗದಲ್ಲಿರುವ ಎರಡು ಚಕ್ರಗಳು, ಅಂದರೆ ಯಂತ್ರವನ್ನು ಅಲ್ಲಾಡಿಸದೆ ಚಿತ್ರವನ್ನಷ್ಟೇ ಮೇಲೆ-ಕೆಳಗೆ, ಎಡ-ಬಲ ಸರಿಸುವ ಲೆನ್ಸ್ ಶಿಫ್ಟ್. ಅದನ್ನು ಸರಿಯಾಗಿ ಬಳಸಿಕೊಂಡವರ ಮನೆಯಲ್ಲಿ ಚಿತ್ರ ಅಚ್ಚುಕಟ್ಟಾಗಿ ಕೂರುತ್ತದೆ. ಬಳಸದೆ ಎಲ್ಲೋ ತೂಗುಹಾಕಿ, ಓರೆ ಚಿತ್ರವನ್ನು ನೇರ ಮಾಡುವ ಕೀಸ್ಟೋನ್ ಒತ್ತಿ ಮುಗಿಸಿದವರ ಮನೆಯಲ್ಲಿ ಇದೇ ಯಂತ್ರ ಅರ್ಧ ಬೆಲೆಯ ಪ್ರೊಜೆಕ್ಟರ್‌ನಂತೆ ಕಾಣುತ್ತದೆ. ಹಾಗಾಗಿ ಇಲ್ಲಿ ಯಂತ್ರದಷ್ಟೇ ಅದನ್ನು ಕೂರಿಸುವ ಕೆಲಸದ ಬಗ್ಗೆಯೂ ಬರೆದಿದ್ದೇನೆ.

ಒಳಗಿರುವುದು ಏನೆಂದು ಮೊದಲು ನೋಡಿಬಿಡೋಣ. ಇದು 3ಎಲ್‌ಸಿಡಿ ಯಂತ್ರ. ಕೆಂಪು, ಹಸಿರು, ನೀಲಿಗೆ ಒಂದೊಂದು ಪ್ಯಾನೆಲ್, ಮೂರೂ 1920×1080. ಇದರ 4ಕೆ ಬರುವುದು ಪಿಕ್ಸೆಲ್ ಶಿಫ್ಟ್‌ನಿಂದ. ಪ್ರತಿ ಫ್ರೇಮಿನಲ್ಲೂ ಚಿತ್ರವನ್ನು ಅರ್ಧ ಪಿಕ್ಸೆಲ್ ಓರೆಯಾಗಿ ಜರುಗಿಸಿ ಎರಡು ಸಲ ಮೂಡಿಸುತ್ತದೆ. ಪರದೆ ಮೇಲೆ ಬೀಳುವುದು ಸುಮಾರು 41 ಲಕ್ಷ ಚುಕ್ಕಿ, ನಿಜವಾದ 4ಕೆಯ 83 ಲಕ್ಷದ ಅರ್ಧ. 100 ಇಂಚಿನ ಚಿತ್ರವನ್ನು ಹತ್ತು ಅಡಿ ದೂರದಿಂದ ನೋಡುವವರಿಗೆ ಸಿನಿಮಾದಲ್ಲಿ ಈ ಕೊರತೆ ತಿಳಿಯುವುದು ಕಷ್ಟ. ಕಂಪ್ಯೂಟರ್ ಜೋಡಿಸಿ ಸಣ್ಣ ಅಕ್ಷರ ಓದುವಾಗ ತಿಳಿಯುತ್ತದೆ. ಮೂರು ಪ್ಯಾನೆಲ್ ಇರುವುದರ ದೊಡ್ಡ ಲಾಭವೆಂದರೆ ತಿರುಗುವ ಬಣ್ಣದ ಚಕ್ರ ಇಲ್ಲ. ಅಂಥ ಚಕ್ರ ತಿರುಗಿಸಿ ಬಣ್ಣ ಮೂಡಿಸುವ, ಒಂದೇ ಚಿಪ್ಪಿನ ಡಿಎಲ್‌ಪಿ ಪ್ರೊಜೆಕ್ಟರ್‌ಗಳಲ್ಲಿ ಕಪ್ಪು ಹಿನ್ನೆಲೆಯ ಮೇಲೆ ಬಿಳಿ ಅಕ್ಷರ ಬಂದಾಗ ಕೆಲವರ ಕಣ್ಣಿಗೆ ಕಾಮನಬಿಲ್ಲಿನ ಗೆರೆ ಮಿಂಚಿ ಹೋಗುತ್ತದೆ. ಇಲ್ಲಿ ಆ ತೊಂದರೆಯಿಲ್ಲ. ಬಿಳಿಯ ಹೊಳಪು ಎಷ್ಟೋ ಬಣ್ಣದ ಹೊಳಪೂ ಅಷ್ಟೇ.

ಇದರ ತಮ್ಮ ಟಿಡಬ್ಲ್ಯೂ7000. ಲೆನ್ಸು, ಜೂಮು, ಶಿಫ್ಟು ಹೆಚ್ಚುಕಡಿಮೆ ಒಂದೇ. ಕಾಂಟ್ರಾಸ್ಟ್ (ಬಿಳಿಗೂ ಕಪ್ಪಿಗೂ ಇರುವ ಹೊಳಪಿನ ಅಂತರ) ಅಂಕಿ 1,00,000ದ ಬದಲು 40,000, ಜೊತೆಗೆ ಸ್ಪೀಕರ್ ಮತ್ತು ಬ್ಲೂಟೂತ್ ಇಲ್ಲ. ಹೊರಗಿನ ಸ್ಪೀಕರ್ ನಡೆಸುವ ಎವಿ ರಿಸೀವರ್ ಇಟ್ಟುಕೊಂಡವರು, ಗೋಡೆಗಳು ಬಿಳಿಯಾಗಿಯೇ ಇರುತ್ತವೆ ಎನ್ನುವವರು 7000 ಕೊಂಡು ಉಳಿದ ಹಣವನ್ನು ಪರದೆಗೆ ಹಾಕುವುದು ಜಾಣತನ.

ಚಿತ್ರ ಎಲ್ಲಿ ಕೂರುತ್ತದೆ

ಥ್ರೋ ಅನುಪಾತ 1.32ರಿಂದ 2.15. ಲೆನ್ಸಿನಿಂದ ಪರದೆಗಿರುವ ದೂರವನ್ನು ಚಿತ್ರದ ಅಗಲದಿಂದ ಭಾಗಿಸಿದರೆ ಬರುವ ಸಂಖ್ಯೆ ಇದು. 16:9ರ 100 ಇಂಚಿನ ಚಿತ್ರ 221 ಸೆಂ.ಮೀ. ಅಗಲ, 124.5 ಸೆಂ.ಮೀ. ಎತ್ತರ. ಅದಕ್ಕೆ ಲೆನ್ಸು ಗೋಡೆಯಿಂದ ಸುಮಾರು 2.95 ಮೀಟರ್‌ನಿಂದ 4.75 ಮೀಟರ್‌ವರೆಗೆ ಎಲ್ಲಿ ಬೇಕಾದರೂ ಇರಬಹುದು. 120 ಇಂಚಿಗೆ ಕನಿಷ್ಠ ಮೂರೂವರೆ ಮೀಟರ್ ಬೇಕು.

ಈಗ ನಮ್ಮ ಕೋಣೆಗಳಿಗೆ ಬನ್ನಿ. ಮೂವತ್ತು-ನಲವತ್ತರ ಸೈಟಿನ ಮನೆಯ 12 ಅಡಿ ಕೋಣೆ ಎಂದರೆ 3.66 ಮೀಟರ್. ಯಂತ್ರದ ಆಳ 31 ಸೆಂ.ಮೀ., ಹಿಂದೆ ಕೇಬಲ್ ಬಾಗಲು ಇನ್ನೊಂದು ಹದಿನೈದು ಸೆಂ.ಮೀ. ಅಲ್ಲಿಗೆ ಲೆನ್ಸಿನ ದೂರ 3.2 ಮೀಟರ್, ಸಿಗುವ ಚಿತ್ರ ಹೆಚ್ಚೆಂದರೆ 109 ಇಂಚು. ನೂರು ಇಂಚಿಗೆ ನಿಲ್ಲಿಸಿದರೆ ಜೂಮ್‌ಗೆ ಸ್ವಲ್ಪ ಜಾಗ ಉಳಿಯುತ್ತದೆ, ಹಾಗೆ ಉಳಿಸಿಕೊಳ್ಳುವುದೇ ಒಳ್ಳೆಯದು. 10 ಅಡಿಯ ಕೋಣೆಯಾದರೆ ಲೆನ್ಸು 2.6 ಮೀಟರ್‌ನಲ್ಲಿ ಬರುತ್ತದೆ, ಚಿತ್ರ 89 ಇಂಚಿಗೆ ನಿಲ್ಲುತ್ತದೆ. ಅಂಥ ಕೋಣೆಗೆ ಈ ಯಂತ್ರ ತರಬೇಡಿ. 1.13ರ ಥ್ರೋ ಇರುವ ಬೆನ್‌ಕ್ಯೂ ಡಬ್ಲ್ಯೂ2700 ಎರಡೂವರೆ ಮೀಟರ್‌ನಲ್ಲೇ ನೂರು ಇಂಚು ಕೊಡುತ್ತದೆ. ಆದರೆ ಅದು 2000 ಲ್ಯೂಮೆನ್‌ನ ಡಿಎಲ್‌ಪಿ, ಲೆನ್ಸ್ ಶಿಫ್ಟ್ ಬರೀ ಹತ್ತು ಪರ್ಸೆಂಟ್, ಅದೂ ಮೇಲೆ-ಕೆಳಗೆ ಮಾತ್ರ. ಕೂರಿಸುವಾಗ ಒಂದು ಇಂಚು ಆಚೀಚೆಯಾದರೂ ಅದು ಕ್ಷಮಿಸುವುದಿಲ್ಲ.

ಎಪ್ಸನ್‌ನ ಶಿಫ್ಟ್ ಮೇಲೆ-ಕೆಳಗೆ 60 ಪರ್ಸೆಂಟ್, ಎಡ-ಬಲ 24 ಪರ್ಸೆಂಟ್. 50 ಎಂದರೆ ಲೆನ್ಸು ಚಿತ್ರದ ಅಂಚಿಗೆ ಸಮ. 60 ಎಂದರೆ ಅಂಚನ್ನು ದಾಟಿ ಚಿತ್ರದ ಎತ್ತರದ ಹತ್ತನೇ ಒಂದು ಭಾಗ ಆಚೆ. 100 ಇಂಚಿನ ಚಿತ್ರದಲ್ಲಿ ಇದು ಹನ್ನೆರಡೂವರೆ ಸೆಂಟಿಮೀಟರ್. ಈ ಹನ್ನೆರಡೂವರೆಯನ್ನು ಮನಸ್ಸಿನಲ್ಲಿಟ್ಟುಕೊಳ್ಳಿ, ಫಿಟಿಂಗ್‌ನಲ್ಲಿ ಎಡವಟ್ಟಾಗುವುದು ಬಹುಪಾಲು ಇಲ್ಲೇ.

ಲೆಕ್ಕ ಹೀಗೆ. ಸೋಫಾದಲ್ಲಿ ಕೂತವರ ಕಣ್ಣು ನೆಲದಿಂದ ಒಂದು ಮೀಟರ್ ಎತ್ತರದಲ್ಲಿರುತ್ತದೆ. ಚಿತ್ರದ ಕೆಳ ಅಂಚು 80 ಸೆಂ.ಮೀ.ನಲ್ಲಿಟ್ಟರೆ ಮೇಲಂಚು 204ಕ್ಕೆ ಬರುತ್ತದೆ. ಅದಕ್ಕೆ ಹನ್ನೆರಡೂವರೆ ಸೇರಿಸಿ, ಲೆನ್ಸು ಹೆಚ್ಚೆಂದರೆ 217 ಸೆಂ.ಮೀ.ನಲ್ಲಿರಬಹುದು. ನಮ್ಮ ಆರ್‌ಸಿಸಿ ಛಾವಣಿ ಹತ್ತು ಅಡಿ, ಅಂದರೆ 305. ನಡುವೆ 88 ಸೆಂ.ಮೀ. ಉಳಿಯಿತು. ಯಂತ್ರದ ದಪ್ಪದಲ್ಲಿ ಅರ್ಧ ಕಳೆದರೂ 80 ಸೆಂ.ಮೀ. ಪೈಪು ಬೇಕು, ಎರಡೂವರೆ ಅಡಿಗಿಂತ ಚೂರು ಹೆಚ್ಚು. ಫಿಟಿಂಗ್‌ಗೆ ಬರುವವರು ಸಾಮಾನ್ಯವಾಗಿ ತರುವುದು ಒಂದಡಿ ಪೈಪಿನ ಸ್ಟ್ಯಾಂಡು. ಅದನ್ನು ಹಾಕಿದರೆ ಲೆನ್ಸು ಮಿತಿಗಿಂತ ಅರ್ಧ ಮೀಟರ್ ಮೇಲೆ ನಿಲ್ಲುತ್ತದೆ. ಆಗ ಯಂತ್ರವನ್ನು ಮುಂದಕ್ಕೆ ಬಗ್ಗಿಸದೆ ಗತಿಯಿಲ್ಲ. ಬಗ್ಗಿಸಿದರೆ ಚಿತ್ರ ಮೊರದಾಕಾರ ತಾಳುತ್ತದೆ. ಅದನ್ನು ನೇರ ಮಾಡಲು ಕೀಸ್ಟೋನ್ ಹಾಕುತ್ತಾರೆ. ಕೀಸ್ಟೋನ್ ಎಂದರೆ ಪ್ಯಾನೆಲ್ಲಿನ ಅಂಚಿನ ಪಿಕ್ಸೆಲ್‌ಗಳನ್ನು ಕಪ್ಪಾಗಿಸಿ ಉಳಿದ ಜಾಗಕ್ಕೆ ಚಿತ್ರವನ್ನು ಕುಗ್ಗಿಸುವ ಉಪಾಯ. ದುಡ್ಡು ಕೊಟ್ಟು ಕೊಂಡ ಸೂಕ್ಷ್ಮತೆ ಅಲ್ಲೇ ಹೋಯಿತು, ಜೊತೆಗೆ ಬೆಳಕೂ ಸ್ವಲ್ಪ ಹೋಯಿತು. ಮೆನುವಿನಲ್ಲಿ ಕೀಸ್ಟೋನ್ ಸೊನ್ನೆಯಲ್ಲಿರಬೇಕು, ಇದಕ್ಕೆ ವಿನಾಯಿತಿ ಇಲ್ಲ.

ಉದ್ದ ಪೈಪಿನಿಂದ ಇನ್ನೊಂದು ಅನುಕೂಲವಿದೆ. ಕೋಣೆಯ ನಡುವೆ ಫ್ಯಾನ್ ಇದ್ದೇ ಇರುತ್ತದೆ, ರೆಕ್ಕೆಗಳು ಸುಮಾರು 265 ಸೆಂ.ಮೀ. ಎತ್ತರದಲ್ಲಿ ತಿರುಗುತ್ತವೆ. ಮೋಟುಪೈಪಿಗೆ ಕಟ್ಟಿದ ಯಂತ್ರದ ಬೆಳಕು ರೆಕ್ಕೆಗೆ ತೀರಾ ಹತ್ತಿರ ಹಾಯುತ್ತದೆ. ಚೂರು ತಗುಲಿದರೂ ಚಿತ್ರದ ಮೇಲಂಚು ಮಿಣುಕಲು ಶುರುವಾಗುತ್ತದೆ. ಲೆನ್ಸು 217ರಲ್ಲಿದ್ದರೆ ಬೆಳಕು ಫ್ಯಾನಿನ ಕೆಳಗೆ ಅರ್ಧ ಮೀಟರ್ ಅಂತರ ಬಿಟ್ಟು ಹೋಗುತ್ತದೆ.

ಇಷ್ಟು ಹೇಳಿದ ಮೇಲೂ, ಹಿಂಗೋಡೆ ಸಿಗುವ ಕೋಣೆಯಲ್ಲಿ ಪೈಪಿನ ಸಹವಾಸವೇ ಬೇಡ ಎನ್ನುವುದು ನನ್ನ ಸಲಹೆ. ಹಿಂಗೋಡೆಗೆ ಎರಡು ಎಲ್ ಬ್ರಾಕೆಟ್ ಹೊಡೆದು, 50 ಸೆಂ.ಮೀ. ಆಳ, 60 ಸೆಂ.ಮೀ. ಅಗಲದ ಪ್ಲೈವುಡ್ ಹಲಗೆಯನ್ನು 200ರಿಂದ 205 ಸೆಂ.ಮೀ. ಎತ್ತರಕ್ಕೆ ಕೂರಿಸಿ, ಯಂತ್ರವನ್ನು ನೆಟ್ಟಗೆ ಅದರ ಮೇಲಿಡಿ. ಶಿಫ್ಟ್ ಚಕ್ರ ತಿರುಗಿಸಿ ಚಿತ್ರವನ್ನು ಕೆಳಗಿಳಿಸಿದರೆ ಮುಗಿಯಿತು. ಫ್ಯಾನ್ ಗಾಳಿಗೆ ಪೈಪು ಅಲ್ಲಾಡುವ ತಾಪತ್ರಯ ಇಲ್ಲ, ಫಿಲ್ಟರ್ ತೆಗೆಯಲು ಸ್ಟೂಲ್ ಸಾಕು. ಗಾಳಿಯಾಡಲು ಸುತ್ತ 20 ಸೆಂ.ಮೀ. ಬಿಡಿ. ಅಂದಕ್ಕೆಂದು ಯಂತ್ರವನ್ನು ಪೆಟ್ಟಿಗೆಯೊಳಗೆ ಮುಚ್ಚಿಡಬೇಡಿ.

ತೂಗುಹಾಕಲೇಬೇಕಾದರೆ ನೆನಪಿರಲಿ: ಯಂತ್ರ 6.9 ಕಿಲೋ, ಸ್ಟ್ಯಾಂಡ್ ಸೇರಿ ಹತ್ತರ ಹತ್ತಿರ. ಪಿಒಪಿ ಅಥವಾ ಜಿಪ್ಸಮ್ ಫಾಲ್ಸ್ ಸೀಲಿಂಗ್‌ಗೆ ಸ್ಕ್ರೂ ಹೊಡೆಯುವುದು ಅಪಾಯ. ಸೀಲಿಂಗ್ ಕೊರೆದು ಮೇಲಿನ ಕಾಂಕ್ರೀಟಿಗೇ ಆ್ಯಂಕರ್ ಬೋಲ್ಟ್ ಹಾಕಿಸಿ, ನಾಲ್ಕು ಮೂಲೆಗೆ ನಾಲ್ಕು. ಯಂತ್ರದ ಅಡಿಯ ತೂತುಗಳಿಗೆ ಎಂ4 ಸ್ಕ್ರೂ. ಉದ್ದದ ಸ್ಕ್ರೂ ಬಲವಂತವಾಗಿ ತಿರುಗಿಸಿದರೆ ಒಳಗಿನ ಪ್ಲಾಸ್ಟಿಕ್ ಸೀಳುತ್ತದೆ.

ಡ್ರಿಲ್ ಮುಟ್ಟುವ ಮೊದಲು ಒಂದು ರಾತ್ರಿ ಮೇಜಿನ ಮೇಲೆ ಸ್ಟೂಲಿಟ್ಟು ಯಂತ್ರ ಓಡಿಸಿ, ಚಿತ್ರದ ನಾಲ್ಕು ಮೂಲೆಗಳನ್ನು ಗೋಡೆ ಮೇಲೆ ಪೆನ್ಸಿಲ್‌ನಿಂದ ಗುರುತು ಮಾಡಿ. ಆಮೇಲೆ ಹಲಗೆಯೋ ಸ್ಟ್ಯಾಂಡೋ ಕೂರಿಸಿ, ಸ್ಪಿರಿಟ್ ಲೆವೆಲ್ ಇಟ್ಟು ಎರಡು ದಿಕ್ಕಿನಲ್ಲೂ ಮಟ್ಟ ನೋಡಿ. ಟೆಸ್ಟ್ ಪ್ಯಾಟರ್ನ್ ಹಾಕಿದಾಗ ಮೇಲಂಚು, ಕೆಳ ಅಂಚುಗಳ ಅಗಲ ಬೇರೆಯಾಗಿದ್ದರೆ ಯಂತ್ರ ಮುಂದಕ್ಕೋ ಹಿಂದಕ್ಕೋ ವಾಲಿದೆ ಎಂದರ್ಥ. ಎಡಬದಿ ಬಲಬದಿಗಿಂತ ಎತ್ತರವಾಗಿದ್ದರೆ ಯಂತ್ರದ ಮುಖ ಪರದೆಗೆ ನೇರವಾಗಿಲ್ಲ. ಇವೆರಡನ್ನೂ ಕೈಯಿಂದಲೇ ಸರಿಮಾಡಿದ ಮೇಲೆ ಶಿಫ್ಟ್, ಆಮೇಲೆ ಜೂಮ್, ಕೊನೆಗೆ ಫೋಕಸ್. ಶಿಫ್ಟ್ ಮಾಡುವಾಗ ಚಿತ್ರವನ್ನು ಕೆಳಗಿನಿಂದ ಮೇಲಕ್ಕೆ ತಂದು ನಿಲ್ಲಿಸಬೇಕು. ಮೇಲಿನಿಂದ ಇಳಿಸಿ ನಿಲ್ಲಿಸಿದರೆ ಲೆನ್ಸಿನ ಭಾರಕ್ಕೆ ಚಿತ್ರ ಆಮೇಲೆ ಕೂದಲೆಳೆಯಷ್ಟು ಜಾರುತ್ತದೆ. ಪೂರ್ತಿ ಮೇಲೆ ಅಥವಾ ಪೂರ್ತಿ ಕೆಳಗೆ ಹೋದಾಗ ಎಡ-ಬಲಕ್ಕೆ ಹೆಚ್ಚು ಜಾಗ ಉಳಿಯುವುದಿಲ್ಲ, ಆದ್ದರಿಂದ ಯಂತ್ರ ಆದಷ್ಟು ಪರದೆಯ ನಡುಗೆರೆಯಲ್ಲೇ ಇರಲಿ.

ಫೋಕಸ್ ಯಂತ್ರ ಹೊತ್ತಿಸಿದ ತಕ್ಷಣ ಮಾಡುವುದಲ್ಲ. ಅರ್ಧ ಗಂಟೆ ಓಡಲಿ, ಲೆನ್ಸು ಬಿಸಿಯಾಗಲಿ. ನಂತರ ಪರದೆಯ ಹತ್ತಿರ ಒಬ್ಬರು ನಿಂತು ನೋಡುತ್ತಾ, ಇನ್ನೊಬ್ಬರು ರಿಂಗ್ ತಿರುಗಿಸಿ. ಒಂದಡಿ ದೂರದಿಂದ ನೋಡಿದರೆ ಪಿಕ್ಸೆಲ್‌ಗಳ ನಡುವಿನ ಸಣ್ಣ ಜಾಲರಿ ಕಾಣಿಸುತ್ತದೆ. ನಡುವೆ ಮತ್ತು ನಾಲ್ಕು ಮೂಲೆಗಳಲ್ಲಿ ಅದು ಒಂದೇ ಹದಕ್ಕೆ ಬಂದಾಗ ಕೈ ತೆಗೆಯಿರಿ. ಅದೇ ಹೊತ್ತಿಗೆ ಬಿಳಿ ಗೆರೆಗಳನ್ನೂ ಗಮನಿಸಿ. ಗೆರೆಯ ಒಂದು ಮಗ್ಗುಲಿಗೆ ಕೆಂಪು ಅಂಚು, ಇನ್ನೊಂದು ಮಗ್ಗುಲಿಗೆ ನೀಲಿ ಅಂಚು ಕಂಡರೆ ಮೂರು ಪ್ಯಾನೆಲ್‌ಗಳು ಒಂದರ ಮೇಲೊಂದು ಕರಾರುವಾಕ್ಕಾಗಿ ಕೂತಿಲ್ಲ. ಮೆನುವಿನ ಪ್ಯಾನೆಲ್ ಅಲೈನ್‌ಮೆಂಟ್‌ನಲ್ಲಿ ಹಸಿರನ್ನು ಹಾಗೇ ಬಿಟ್ಟು ಕೆಂಪು, ನೀಲಿಗಳನ್ನು ಅದರ ಮೇಲೆ ಕೂರಿಸಬಹುದು. ಅರ್ಧ ಪಿಕ್ಸೆಲ್‌ಗಿಂತ ಕಡಿಮೆ ಆಚೀಚೆ ಇದ್ದರೆ ಮುಟ್ಟದಿರುವುದೇ ಒಳಿತು, ಈ ತಿದ್ದುಪಡಿಯೂ ಸ್ವಲ್ಪ ತೀಕ್ಷ್ಣತೆಯನ್ನು ತಿನ್ನುತ್ತದೆ.

ಗೋಡೆ, ಪರದೆ, ಬೆಳಕು

3000 ಲ್ಯೂಮೆನ್ ಸಿಗುವುದು ಡೈನಮಿಕ್ ಮೋಡ್‌ನಲ್ಲಿ. ಆ ಮೋಡ್‌ನಲ್ಲಿ ಮುಖಗಳಿಗೆ ಹಸಿರು ಛಾಯೆ ಬರುತ್ತದೆ, ಸಿನಿಮಾಕ್ಕೆ ಅದು ಲಾಯಕ್ಕಲ್ಲ. ಒಳ್ಳೆಯ ಮೋಡ್, ಲ್ಯಾಂಪನ್ನು ಮಂದವಾಗಿ ಉರಿಸುವ ಇಕೊ, ಜೂಮ್ ಇವುಗಳಲ್ಲಿ ಹೋಗುವ ಬೆಳಕನ್ನೆಲ್ಲ ಕಳೆದು ಪರದೆ ಮುಟ್ಟುವುದು 1500 ಲ್ಯೂಮೆನ್ ಎಂದಿಟ್ಟುಕೊಳ್ಳಿ. ಗೇನ್ (ಪರದೆ ಬೆಳಕನ್ನು ಮರಳಿಸುವ ಪ್ರಮಾಣ) 1.0 ಇರುವ 100 ಇಂಚಿನ ಪರದೆ ಮೇಲೆ ಅದು ಸುಮಾರು 170 ನಿಟ್ಸ್ (ಪರದೆಯ ಹೊಳಪಿನ ಅಳತೆ). ಡಿಜಿಟಲ್ ಚಿತ್ರಮಂದಿರಕ್ಕೆ ನಿಗದಿಯಾದ ಮಟ್ಟ 48 ನಿಟ್ಸ್. ಲ್ಯಾಂಪ್ ಸವೆದು ಅರ್ಧಕ್ಕೆ ಇಳಿದರೂ, ಪರದೆ 120 ಇಂಚಾದರೂ 60 ನಿಟ್ಸ್ ಉಳಿಯುತ್ತದೆ. ಕತ್ತಲ ಕೋಣೆಯಲ್ಲಿ ಈ ಯಂತ್ರಕ್ಕೆ ಬೆಳಕಿನ ಬರ ಬರುವುದೇ ಇಲ್ಲ.

ಬರ ಇರುವುದು ಕಪ್ಪಿಗೆ. ಇದರ ಕಪ್ಪು ಅಸಲಿಗೆ ಗಾಢ ಬೂದು. ಬೆಳಕಿನ ಕಿಂಡಿಯನ್ನು ತಾನಾಗಿ ಹಿಗ್ಗಿಸಿ ಕುಗ್ಗಿಸುವ ಆಟೊ ಐರಿಸ್ ಹಾಕಿದರೆ ಪೂರ್ತಿ ಕತ್ತಲ ದೃಶ್ಯ ಬಂದಾಗ ಬೆಳಕನ್ನು ಬಿಗಿದು ಕಪ್ಪನ್ನು ಇಳಿಸುತ್ತದೆ, 1,00,000ದ ಅಂಕಿ ಬಂದದ್ದು ಅದರಿಂದಲೇ. ಆದರೆ ಕತ್ತಲಲ್ಲಿ ಒಂದು ದೀಪವೋ ಮುಖವೋ ಬೆಳಗುತ್ತಿರುವ ದೃಶ್ಯದಲ್ಲಿ ಐರಿಸ್ ಏನೂ ಮಾಡಲಾರದು. ಬಿಳಿ ಗೋಡೆಯ ಕೋಣೆಯಲ್ಲಿ ಇದು ಇನ್ನೂ ಕೆಡುತ್ತದೆ. ಪರದೆಯ ಬೆಳಕು ಛಾವಣಿಗೆ, ಪಕ್ಕದ ಗೋಡೆಗೆ ಬಡಿದು ಮರಳಿ ಪರದೆಗೇ ಬಂದು ಕಪ್ಪನ್ನು ತೊಳೆದುಬಿಡುತ್ತದೆ. ಪರದೆಯ ಸುತ್ತ ನಾಲ್ಕಡಿಯಷ್ಟು ಗೋಡೆ ಮತ್ತು ಛಾವಣಿಗೆ ಹೊಳಪಿಲ್ಲದ ಗಾಢ ಬಣ್ಣ ಹೊಡೆಸಿ: ಕಡು ಬೂದು, ಕಡು ಕಂದು, ಯಾವುದಾದರೂ. ಒಂದು ಡಬ್ಬ ಪೇಂಟಿನಿಂದ ಸಿಗುವ ಸುಧಾರಣೆ ಇದಕ್ಕಿಂತ ದುಬಾರಿ ಮಾಡೆಲ್ ತಂದರೂ ಬಿಳಿ ಕೋಣೆಯಲ್ಲಿ ಸಿಗುವುದಿಲ್ಲ. ಇದನ್ನು ಎಷ್ಟು ಒತ್ತಿ ಹೇಳಿದರೂ ಕಡಿಮೆಯೇ.

ನಮ್ಮ ಬಹುಪಾಲು ಹೊಸ ಸಿನಿಮಾಗಳು 2.39:1ರ ಸ್ಕೋಪ್ ಅಳತೆಯಲ್ಲಿರುತ್ತವೆ. 221 ಸೆಂ.ಮೀ. ಅಗಲದ ಪರದೆಯಲ್ಲಿ ಆ ಚಿತ್ರ 92 ಸೆಂ.ಮೀ. ಎತ್ತರಕ್ಕೆ ನಿಂತು, ಮೇಲೆ ಕೆಳಗೆ ಹದಿನಾರು ಹದಿನಾರು ಸೆಂ.ಮೀ. ಬೂದು ಪಟ್ಟಿ ಉಳಿಯುತ್ತದೆ. ಕಪ್ಪು ವೆಲ್ವೆಟ್ ಬಟ್ಟೆ ಸುತ್ತಿದ ಎರಡು ಹಗುರ ಪಟ್ಟಿಗಳನ್ನು ಮ್ಯಾಗ್ನೆಟ್‌ನಿಂದ ಅಲ್ಲಿ ಅಂಟಿಸಿ ನೋಡಿ, ಚಿತ್ರಕ್ಕೆ ಜೀವ ಬರುತ್ತದೆ.

ಪರದೆಗೆ ಮ್ಯಾಟ್ ವೈಟ್, ಗೇನ್ 1.0ರಿಂದ 1.1, ಕಪ್ಪು ಅಂಚಿನ ಫಿಕ್ಸೆಡ್ ಫ್ರೇಮ್ ಸಾಕು. ಸುರುಳಿ ಬಿಚ್ಚುವ ಅಗ್ಗದ ಪರದೆಗಳು ವರ್ಷ ಕಳೆಯುವುದರೊಳಗೆ ಅಂಚಿನಲ್ಲಿ ಸುರುಟಿಕೊಂಡು, ಕ್ಯಾಮೆರಾ ಪಕ್ಕಕ್ಕೆ ಸರಿದಾಗ ಚಿತ್ರ ಅಲೆಯಾಡಿದಂತೆ ಕಾಣುತ್ತದೆ. ಸುರುಳಿಯೇ ಬೇಕೆಂದರೆ ಎರಡೂ ಬದಿಗೆ ದಾರ ಬಿಗಿದ ಟ್ಯಾಬ್ ಟೆನ್ಷನ್ ನೋಡಿ. ಪರದೆಗೆ ಈಗ ಹಣವಿಲ್ಲದಿದ್ದರೆ ಗೋಡೆಯೇ ಆಗುತ್ತದೆ. ಎರಡು ಕೈ ಪುಟ್ಟಿ ಹಚ್ಚಿ, 320 ನಂಬರಿನ ಉಪ್ಪುಕಾಗದದಲ್ಲಿ ಉಜ್ಜಿಸಿ, ಟಾರ್ಚನ್ನು ಗೋಡೆಗೆ ತಾಗಿಸಿ ಹಿಡಿದು ಅಡ್ಡ ಬೆಳಕಿನಲ್ಲಿ ಉಬ್ಬುತಗ್ಗು ಹುಡುಕಿ ಸರಿಪಡಿಸಿ, ಆಮೇಲೆ ಮ್ಯಾಟ್ ಬಿಳಿ ಹೊಡೆಸಿ. ಸ್ಯಾಟಿನ್, ಸಿಲ್ಕ್ ಫಿನಿಶ್ ಬೇಡ. ಲ್ಯಾಂಪಿನ ಹೊಳಪು ಗೋಡೆ ಮಧ್ಯೆ ಬೆಳ್ಳಗೆ ಕೂತುಬಿಡುತ್ತದೆ.

ಹಗಲಲ್ಲೂ ನೋಡುವ ಆಸೆಗೆ ಕೋಣೆಯ ಬೆಳಕನ್ನು ತಡೆಯುವ ಎಎಲ್‌ಆರ್ ಪರದೆ ಕೊಳ್ಳುವವರು ಜೋಪಾನ. ಮಾರುಕಟ್ಟೆಯಲ್ಲಿ ಸುಲಭಕ್ಕೆ ಸಿಗುವ ಎಎಲ್‌ಆರ್‌ಗಳಲ್ಲಿ ಹಲವು ಗೋಡೆಯ ಬುಡದಲ್ಲೇ ಇಟ್ಟು ಓಡಿಸುವ ಅಲ್ಟ್ರಾ ಶಾರ್ಟ್ ಥ್ರೋ ಯಂತ್ರಗಳಿಗೆಂದು ಮಾಡಿದವು. ಕೆಳಗಿನಿಂದ ಬಂದ ಬೆಳಕನ್ನು ಮಾತ್ರ ನೋಡುಗರತ್ತ ತಿರುಗಿಸಿ, ಮೇಲಿನಿಂದ ಬಂದದ್ದನ್ನು ನುಂಗುವಂತೆ ಅವುಗಳ ಮೈ ಇರುತ್ತದೆ. ಎತ್ತರದಲ್ಲಿ ಕೂತ ಈ ಎಪ್ಸನ್‌ನ ಬೆಳಕನ್ನೂ ಅವು ನುಂಗುತ್ತವೆ. ಆ ಪರದೆ ಇಲ್ಲಿ ನಿರುಪಯೋಗಿ.

ಕ್ರಿಕೆಟ್ ನೋಡುವಾಗ ಮನೆಮಂದಿ ಎಲ್ಲ ಕೂತಿರುತ್ತಾರೆ, ದೀಪ ಆರಿಸಲಾಗದು. ಪರದೆಯ ಕಡೆಯ ದೀಪಗಳನ್ನಷ್ಟೇ ಆರಿಸಿ, ಸೋಫಾದ ಹಿಂದಿನ ಒಂದು ಬಲ್ಬ್ ಉಳಿಸಿಕೊಂಡು, ಬ್ರೈಟ್ ಸಿನಿಮಾ ಮೋಡ್ ಮತ್ತು ಹೈ ಪವರ್ ಹಾಕಿದರೆ ಹಸಿರು ಮೈದಾನ ಸೊಗಸಾಗಿಯೇ ಕಾಣುತ್ತದೆ. ಮಟಮಟ ಮಧ್ಯಾಹ್ನ ಕಿಟಕಿಗೆ ದಪ್ಪ ಬ್ಲ್ಯಾಕೌಟ್ ಪರದೆ ಇಲ್ಲದೆ ಯಾವ ಮೋಡೂ ನೆರವಿಗೆ ಬಾರದು.

ವೈರು, ಕರೆಂಟು, ಮೆನು

ಪ್ಲೇಯರ್ ಮುಂದೆ, ಪ್ರೊಜೆಕ್ಟರ್ ಹಿಂದೆ. ಗೋಡೆ ಸುತ್ತಿ ಬರುವ ಎಚ್‌ಡಿಎಂಐ ಕೇಬಲ್ ಹತ್ತು ಮೀಟರ್ ಆಗಿಬಿಡುತ್ತದೆ. 4ಕೆ 60 ಹರ್ಟ್ಸ್‌ನ, ಬೆಳಕು-ನೆರಳಿನ ಹರವು ಹೆಚ್ಚಿರುವ ಎಚ್‌ಡಿಆರ್‌ಗೆ ಬೇಕಾದ 18 ಗಿಗಾಬಿಟ್ ವೇಗವನ್ನು ಸಾದಾ ತಾಮ್ರದ ಕೇಬಲ್ ಐದು ಮೀಟರ್ ದಾಟಿದ ಮೇಲೆ ನಂಬಿಕೆಯಿಂದ ಒಯ್ಯುವುದಿಲ್ಲ. ಲಕ್ಷಣ ಹೀಗಿರುತ್ತದೆ: ಚಿತ್ರದಲ್ಲಿ ಬಿಳಿ ಕಿಡಿಗಳು ಸಿಡಿಯುವುದು, ಎರಡು ಸೆಕೆಂಡ್ ಪರದೆ ಕಪ್ಪಾಗಿ ಮತ್ತೆ ಬರುವುದು, ಮೆನು ಸರಿಯಾಗಿದ್ದು ಎಚ್‌ಡಿಆರ್ ಸಿನಿಮಾ ಶುರುವಾದೊಡನೆ ಸಿಗ್ನಲ್ ಹೋಗುವುದು. ಜನ ಪ್ರೊಜೆಕ್ಟರನ್ನು ಬೈಯುತ್ತಾರೆ, ತಪ್ಪು ಕೇಬಲ್ಲಿನದು. ಆಪ್ಟಿಕಲ್ ಎಚ್‌ಡಿಎಂಐ ಕೇಬಲ್ ತನ್ನಿ. ಅದರ ಒಂದು ತುದಿಯಲ್ಲಿ ಸೋರ್ಸ್, ಇನ್ನೊಂದರಲ್ಲಿ ಡಿಸ್‌ಪ್ಲೇ ಎಂದಿರುತ್ತದೆ. ಅದಲುಬದಲಾದರೆ ಚಿತ್ರ ಬರುವುದೇ ಇಲ್ಲ, ಆದ್ದರಿಂದ ಪೈಪಿಗೆ ತೂರಿಸುವ ಮೊದಲು ನೆಲದ ಮೇಲೇ ಜೋಡಿಸಿ ಪರೀಕ್ಷಿಸಿ. ಮನೆ ಕಟ್ಟಿಸುತ್ತಿರುವವರು ಎಲೆಕ್ಟ್ರೀಷಿಯನ್‌ಗೆ ಈ ಸಾಲಿಗೆ ಮಾತ್ರ ಮುಕ್ಕಾಲಿಂಚಿನ ಬದಲು ಕನಿಷ್ಠ ಒಂದಿಂಚಿನ ಕಾಂಡ್ಯೂಟ್ ಹಾಕಲು ಹೇಳಿ. ಎಚ್‌ಡಿಎಂಐ ತಲೆಯ ಅಗಲ ಸುಮಾರು 20 ಮಿ.ಮೀ., ಮುಕ್ಕಾಲಿಂಚಿನ ಪೈಪಿನ ತಿರುವಿನಲ್ಲಿ ಅದು ಸಿಕ್ಕಿಬೀಳುತ್ತದೆ. ಬಿಗಿ ಎಲ್ಬೋ ಬೇಡ, ಉದ್ದನೆಯ ಬೆಂಡ್ ಹಾಕಿಸಿ.

ಸ್ಟ್ರೀಮಿಂಗ್ ಸ್ಟಿಕ್ಕನ್ನು ಪ್ರೊಜೆಕ್ಟರ್‌ನ ಹಿಂದೆ ನೇರ ಸಿಕ್ಕಿಸಬಹುದು, ಆದರೆ ಸದ್ದು ಅಲ್ಲೇ, ತಲೆಯ ಹಿಂದೆ ಉಳಿಯುತ್ತದೆ. ಒಳಗಿನ ಹತ್ತು ಹತ್ತು ವ್ಯಾಟ್‌ನ ಎರಡು ಸ್ಪೀಕರ್ ವಾರ್ತೆಗೆ ಸಾಕು, ಮಾತು ಬರುವ ದಿಕ್ಕು ಮಾತ್ರ ತಪ್ಪು. ಸ್ಟಿಕ್ ಮುಂದಿನ ರಿಸೀವರ್‌ಗೆ, ಅಲ್ಲಿಂದ ಒಂದೇ ಕೇಬಲ್ ಪ್ರೊಜೆಕ್ಟರ್‌ಗೆ, ಇದೇ ಸರಿಯಾದ ಜೋಡಣೆ. ರಿಸೀವರ್ ಎಚ್‌ಡಿಸಿಪಿ 2.2 ಎಂಬ ನಕಲು ತಡೆಯುವ ವ್ಯವಸ್ಥೆ ಇಲ್ಲದಷ್ಟು ಹಳೆಯದಾದರೆ 4ಕೆ ಬರುವುದಿಲ್ಲ. ಬ್ಲೂಟೂತ್‌ನಲ್ಲಿ ತುಟಿಗೂ ಮಾತಿಗೂ ತಾಳ ತಪ್ಪಬಹುದು, ಸಿನಿಮಾಕ್ಕೆ ತಂತಿಯೇ ವಾಸಿ.

ಕರೆಂಟ್ ವಿಷಯಕ್ಕೆ ಬಂದರೆ, ಹೈ ಮೋಡ್‌ನಲ್ಲಿ ಯಂತ್ರ ಎಳೆಯುವುದು 350 ವ್ಯಾಟ್‌ನ ಹತ್ತಿರ. ಕರೆಂಟ್ ಹೋದ ಕೂಡಲೇ ಫ್ಯಾನ್ ನಿಂತು, ಕುದಿಯುವ ಲ್ಯಾಂಪ್ ತಣಿಯಲು ಗಾಳಿಯಿಲ್ಲದೆ ಉಳಿಯುತ್ತದೆ. ಇದು ಪದೇ ಪದೇ ಆದರೆ ಲ್ಯಾಂಪಿನ ಆಯಸ್ಸು ಕಮ್ಮಿಯಾಗುತ್ತದೆ. ಕರೆಂಟ್ ಬಂದ ತಕ್ಷಣ ಹೊತ್ತಿಸಬೇಡಿ. ಬಿಸಿ ಲ್ಯಾಂಪ್ ಹತ್ತುವುದೂ ಇಲ್ಲ, ಹತ್ತು ನಿಮಿಷ ಬಿಡಿ. ಕಂಪ್ಯೂಟರ್‌ಗೆ ಇಟ್ಟ 600 ವಿಎ ಯುಪಿಎಸ್ ಈ ಹೊರೆಗೆ ಸಾಲದು, 1 ಕೆವಿಎ ಇರಲಿ. ಮನೆಯ ಇನ್ವರ್ಟರ್‌ಗೆ ಜೋಡಿಸುವುದಾದರೆ ಸೈನ್ ವೇವ್ ಆಗಿರಬೇಕು, ಕರೆಂಟಿನಿಂದ ಬ್ಯಾಟರಿಗೆ ಬದಲಾಗುವ ಅಂತರ ಕಡಿಮೆ ಇರುವ ಯುಪಿಎಸ್ ಮೋಡ್‌ನಲ್ಲಿಡಬೇಕು.

ಮೆನುವಿನಲ್ಲಿ ಹೆಚ್ಚು ಕೈಯಾಡಿಸುವ ಅಗತ್ಯವಿಲ್ಲ. ಕತ್ತಲಲ್ಲಿ ಸಿನಿಮಾಕ್ಕೆ ನ್ಯಾಚುರಲ್ ಅಥವಾ ಸಿನಿಮಾ ಮೋಡ್, ಪವರ್ ಇಕೊ ಅಥವಾ ಮೀಡಿಯಂ. ಇಕೊದಲ್ಲಿ ಸದ್ದು 24 ಡೆಸಿಬೆಲ್, ತಲೆಯ ಮೇಲಿದ್ದರೂ ಗಮನಕ್ಕೆ ಬರುವುದಿಲ್ಲ. ಹೈನಲ್ಲಿ ಫ್ಯಾನ್ ಚೆನ್ನಾಗಿಯೇ ಕೇಳಿಸುತ್ತದೆ. ನಡುನಡುವೆ ತಾನೇ ಹೊಸ ಫ್ರೇಮ್ ಸೇರಿಸುವ ಫ್ರೇಮ್ ಇಂಟರ್ಪೊಲೇಷನ್ ಆಫ್ ಮಾಡಿ, ಇಲ್ಲವಾದರೆ ಸಿನಿಮಾ ಧಾರಾವಾಹಿಯಂತೆ ಕಾಣುತ್ತದೆ. ಐರಿಸ್ ನಾರ್ಮಲ್‌ನಲ್ಲಿಡಿ. ಹೈ ಸ್ಪೀಡ್‌ನಲ್ಲಿ ನಿಶ್ಶಬ್ದ ದೃಶ್ಯಗಳಲ್ಲಿ ಅದರ ಕಟಕಟ ಕಿವಿಗೆ ಬೀಳುತ್ತದೆ. ವಿಡಿಯೊ ಗೇಮ್ ಆಡುವವರು ಇಮೇಜ್ ಪ್ರೊಸೆಸಿಂಗನ್ನು ಫಾಸ್ಟ್‌ಗೆ ಹಾಕಿ. ಹೈ ಆಲ್ಟಿಟ್ಯೂಡ್ ಮೋಡ್ ಇರುವುದು ಸಮುದ್ರಮಟ್ಟದಿಂದ 1500 ಮೀಟರ್ ದಾಟಿದ ಊರುಗಳಿಗೆ. ಬೆಂಗಳೂರು 900 ಮೀಟರ್‌ನ ಆಸುಪಾಸು, ಮಡಿಕೇರಿಯೂ ಆ ಎತ್ತರ ಮುಟ್ಟುವುದಿಲ್ಲ. ಯಾರೋ ಆನ್ ಮಾಡಿಟ್ಟಿದ್ದರೆ ಫ್ಯಾನ್ ಸುಮ್ಮನೆ ಅರಚುತ್ತಿರುತ್ತದೆ.

ಎಚ್‌ಡಿಆರ್ ಈ ಯಂತ್ರದ ಬಲವಲ್ಲ. ಟಿವಿಗಳ ನೂರಾರು ನಿಟ್ಸ್ ಲೆಕ್ಕದಲ್ಲಿ ಮಾಡಿದ ಚಿತ್ರ ಇಲ್ಲಿ ಮಂಕಾಗುತ್ತದೆ. ಎಚ್‌ಡಿಆರ್10 ಸೆಟ್ಟಿಂಗ್‌ನಲ್ಲಿ 1ರಿಂದ 16ರವರೆಗಿನ ಪಟ್ಟಿಯಿದೆ. ಒಂದು ಕಡೆ ಸರಿಸಿದರೆ ಮುಖಗಳು ಬೆಳಗುತ್ತವೆ, ಮೋಡದಂಥ ಬಿಳಿ ಭಾಗದ ವಿವರ ಅಳಿಸಿಹೋಗುತ್ತದೆ. ಇನ್ನೊಂದು ಕಡೆ ಸರಿಸಿದರೆ ಅದು ಉಳಿದು ಮುಖ ಕಪ್ಪಾಗುತ್ತದೆ. ಮನುಷ್ಯರ ಮುಖ ಸಹಜವಾಗಿ ಕಾಣುವ ಜಾಗದಲ್ಲಿ ನಿಲ್ಲಿಸಿ. ಸಿನಿಮಾ ಸಿನಿಮಾಕ್ಕೂ ಬದಲಿಸುವ ತಾಳ್ಮೆ ಇಲ್ಲದವರು ಫೈರ್ ಟಿವಿಯಂಥ ಸ್ಟಿಕ್‌ನಲ್ಲೇ ಎಚ್‌ಡಿಆರ್ ನಿಲ್ಲಿಸಿ ಸಾದಾ ಸಿಗ್ನಲ್ ಕಳಿಸಿದರೆ ಚಿತ್ರ ಹೆಚ್ಚು ತೃಪ್ತಿ ಕೊಡುತ್ತದೆ. ಅದೇ ಮೆನುವಿನಲ್ಲಿ ಮೂಲ ಫ್ರೇಮ್ ರೇಟ್ ಹೊಂದಿಸುವ ಆಯ್ಕೆಯನ್ನು ಆನ್ ಮಾಡಿ, 24 ಫ್ರೇಮಿನ ಸಿನಿಮಾ ಎಡವದೆ ಓಡುತ್ತದೆ. ಕಡಿಮೆ ಗುಣಮಟ್ಟದ ಪ್ರತಿಗಳಲ್ಲಿ ಸಿಗುವ ಹಳೆಯ ಕನ್ನಡ ಚಿತ್ರಗಳಿಗೆ ಶಾರ್ಪ್‌ನೆಸ್ ಇಳಿಸಿ, ಜೂಮ್ ತಿರುಗಿಸಿ ಚಿತ್ರವನ್ನು ಸಣ್ಣದು ಮಾಡಿ ನೋಡಿ. ನೂರು ಇಂಚಿಗೆ ಹಿಗ್ಗಿಸಿದರೆ ಕಾಣುವುದು ಕಂಪ್ರೆಷನ್‌ನ ಚೌಕಗಳು ಮಾತ್ರ.

ಧೂಳು ಮತ್ತು ಲ್ಯಾಂಪ್

ಎಲ್‌ಸಿಡಿ ಪ್ರೊಜೆಕ್ಟರ್‌ನ ಶತ್ರು ಧೂಳು. ಪ್ಯಾನೆಲ್‌ಗಳ ಮೇಲೆಯೇ ತಂಪು ಗಾಳಿ ಹಾಯುವುದರಿಂದ ಫಿಲ್ಟರ್ ದಾಟಿದ ಕಣ ಒಂದು ಪ್ಯಾನೆಲ್ ಮೇಲೆ ಕೂತರೆ, ಕತ್ತಲ ದೃಶ್ಯದಲ್ಲಿ ಹಸಿರೋ ನೀಲಿಯೋ ಕೆಂಪೋ ಮಸುಕು ಮಚ್ಚೆಯಾಗಿ ಕಾಣುತ್ತದೆ. ಅದನ್ನು ಮನೆಯಲ್ಲಿ ಒರೆಸಲಾಗದು, ಸರ್ವಿಸ್ ಸೆಂಟರ್‌ನಲ್ಲಿ ಬಿಚ್ಚಿಸಬೇಕು. ರಸ್ತೆ ಅಗೆಯುತ್ತಿರುವ, ಪಕ್ಕದ ಸೈಟಿನಲ್ಲಿ ಮನೆ ಏಳುತ್ತಿರುವ ಬಡಾವಣೆಯಲ್ಲಿ ತಿಂಗಳಿಗೊಮ್ಮೆ ಫಿಲ್ಟರ್ ತೆಗೆದು ಮೆತ್ತನೆ ಬ್ರಷ್‌ನಿಂದ ಧೂಳು ಉದುರಿಸಿ. ನೀರಲ್ಲಿ ತೊಳೆಯಬೇಡಿ, ಯಂತ್ರ ಓಡುವಾಗ ತೆಗೆಯಬೇಡಿ. ಒಣ ಧೂಳಿಗಿಂತ ಕೆಟ್ಟದ್ದು ಜಿಡ್ಡು ಧೂಳು: ಅಡುಗೆಮನೆಯ ಒಗ್ಗರಣೆ ಹೊಗೆ, ದೇವರ ಮನೆಯ ಊದುಬತ್ತಿ, ಕರ್ಪೂರದ ಮಸಿ. ಹಾಲ್‌ನಲ್ಲೇ ದೇವರ ಗೂಡಿದ್ದರೆ ಪೂಜೆಯ ಹೊತ್ತಿಗೆ ಪ್ರೊಜೆಕ್ಟರ್ ಓಡಿಸಬೇಡಿ, ಫಿಲ್ಟರ್ ಅಂಟಂಟಾಗಿದ್ದರೆ ಉಜ್ಜುವ ಬದಲು ಹೊಸದೇ ಹಾಕಿ.

ಕರಾವಳಿ, ಮಲೆನಾಡಿನಲ್ಲಿ ಕಾಟ ಕೊಡುವುದು ತೇವ. ಮಳೆಗಾಲದಲ್ಲಿ ತಿಂಗಳುಗಟ್ಟಲೆ ಬಿಚ್ಚದ ಸುರುಳಿ ಪರದೆಯ ಬಟ್ಟೆಗೆ ಬೂಷ್ಟು ಹಿಡಿದು ಕಪ್ಪು ಚುಕ್ಕಿ ಬೀಳುತ್ತದೆ, ಅದು ಹೋಗುವುದಿಲ್ಲ. ವಾರಕ್ಕೊಮ್ಮೆ ಪರದೆ ಇಳಿಸಿ, ಪ್ರೊಜೆಕ್ಟರನ್ನು ಒಂದರ್ಧ ಗಂಟೆ ಓಡಿಸಿ. ಒಳಗಿನ ಬಿಸಿಯೇ ತೇವ ಓಡಿಸುತ್ತದೆ, ಲೆನ್ಸಿಗೂ ಅದೇ ರಕ್ಷಣೆ.

ಲ್ಯಾಂಪಿನ ಆಯಸ್ಸು ಹೈನಲ್ಲಿ 3500 ಗಂಟೆ, ಇಕೊದಲ್ಲಿ 5000 ಗಂಟೆ. ದಿನಕ್ಕೆ ಎರಡೂವರೆ ಗಂಟೆಯಂತೆ ಇಕೊದಲ್ಲಿ ಐದು ವರ್ಷ ದಾಟುತ್ತದೆ. ಈ ಅಂಕಿ ಹೇಳುವುದು ಬೆಳಕು ಅರ್ಧಕ್ಕಿಳಿಯುವ ಹೊತ್ತನ್ನು, ಅದಾದ ಮೇಲೂ ಉರಿಸುತ್ತಿದ್ದರೆ ಲ್ಯಾಂಪ್ ಒಡೆಯುವ ಸಾಧ್ಯತೆ ಹೆಚ್ಚುತ್ತದೆ. ಒಳಗೆ ಪಾದರಸವಿದೆ, ಒಡೆದರೆ ಕಿಟಕಿ ತೆರೆದು ಕೋಣೆಯಿಂದ ಹೊರಬನ್ನಿ. ಬದಲಿಸುವಾಗ ಕಂಪನಿಯದ್ದೇ ಹಾಕಿ. ಅಗ್ಗದ ನಕಲಿಗಳಲ್ಲಿ ಬಣ್ಣ ಬೇರೆಯಾಗುತ್ತದೆ, ಬೇಗ ಮಿಣುಕಲೂ ಶುರುಮಾಡುತ್ತವೆ. ಹೊಸ ಲ್ಯಾಂಪ್ ಹಾಕಿದ ಮೇಲೆ ಮೆನುವಿನಲ್ಲಿ ಗಂಟೆಯ ಎಣಿಕೆಯನ್ನು ಸೊನ್ನೆ ಮಾಡಲು ಮರೆಯಬೇಡಿ.

ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಗಂಟೆಯ ಎಣಿಕೆಯೊಂದನ್ನೇ ನಂಬಬೇಡಿ, ಅದು ಲ್ಯಾಂಪಿನದು, ಯಂತ್ರದ್ದಲ್ಲ. ಯಂತ್ರವನ್ನು ಅರ್ಧ ಗಂಟೆ ಓಡಿಸಿ, ಕತ್ತಲಲ್ಲಿ ಮೊದಲು ಪೂರ್ತಿ ಕಪ್ಪು, ಆಮೇಲೆ ಪೂರ್ತಿ ಬಿಳಿ ಚಿತ್ರ ಹಾಕಿಸಿ. ಕಪ್ಪಿನಲ್ಲಿ ಬಣ್ಣದ ಮಚ್ಚೆ ಕಂಡರೆ ಧೂಳು, ಶುಚಿ ಮಾಡಿಸುವ ಖರ್ಚನ್ನು ಬೆಲೆಯಲ್ಲಿ ಕಳೆಯಿರಿ. ಬಿಳಿಯಲ್ಲಿ ಹಳದಿಯೋ ನೀಲಿಯೋ ಮೋಡ ಕವಿದಂತೆ ಒಂದು ಭಾಗ ಕಂಡರೆ ಬಿಸಿಗೆ ಒಳಗಿನ ಬೆಳಕು ಸೋಸುವ ಪೋಲರೈಸರ್ ಸುಟ್ಟಿದೆ ಎಂದರ್ಥ. ಆ ಯಂತ್ರ ಎಷ್ಟು ಕಡಿಮೆಗೆ ಬಂದರೂ ಬೇಡ.